ಸರ್ಕೀಟು ಭಾವ

ಸರ್ಕೀಟು ಎಂದರೆ ಹಿಂದೆ ಅಮಲ್ದಾರರು ಜೀಪು ಹತ್ತಿ ಊರೂರು ಸುತ್ತುವುದು. ನಮ್ಮ ಭಾವ ಎಲ್ಲೂ ಸುತ್ತುವವರಲ್ಲ. ಅತ್ತಿಗುಂಡಿ ಮನೆಯ ಹಿಂದಿನ ಕೋಣೆ, ಅಲ್ಲಿ ಅಕ್ಕ ಬಿಟ್ಟುಕೊಟ್ಟ ಹೊಲಿಗೆ ಮೇಜು, ಅದರ ಮೇಲೊಂದು ಸೋಲ್ಡರಿಂಗ್ ಐರನ್ನು. ಅವರ ಸರ್ಕೀಟೆಲ್ಲ ಅಷ್ಟರೊಳಗೇ. ಹೊರಗೆ ಮುಳ್ಳಯ್ಯನಗಿರಿ ಮಂಜಿನಲ್ಲಿ ಮುಳುಗಿರುತ್ತದೆ, ಬಾಬಾಬುಡನ್‌ಗಿರಿಗೆ ಹೊರಟ ಗಾಡಿಗಳು ಸಾಲುಗಟ್ಟಿ ಹಾರ್ನ್ ಹೊಡೆಯುತ್ತಿರುತ್ತವೆ. ಒಳಗೆ ಭಾವ ಒಂದು ಕೆಂಪು ದೀಪವನ್ನು ಮಿಟುಕಿಸಿ, ಆರಿಸಿ, ಮತ್ತೆ ಮಿಟುಕಿಸಿ ಸಂತೋಷಪಡುತ್ತಿರುತ್ತಾರೆ.

ಓದಿದ್ದು ಬಿ.ಕಾಂ. ಕಾಫಿಸೀಮೆಯಲ್ಲಿ ಊರಿಗೊಬ್ಬರಾದರೂ ಇಂಥವರು ಸಿಗುತ್ತಾರೆ. ಪಲ್ಪರಿನ ಮೋಟಾರು ನಿಂತರೆ ಮೆಕ್ಯಾನಿಕ್ ಬರುವಷ್ಟರಲ್ಲಿ ಬಿಚ್ಚಿ ಹರಡಿರುತ್ತಾರೆ. ಜೋಡಿಸಲು ಮಾತ್ರ ಮೆಕ್ಯಾನಿಕ್ಕೇ ಬೇಕು. ಮದುವೆ ಸೀರೆಗೆಂದು ಬೆಂಗಳೂರಿಗೆ ಕರೆದೊಯ್ದರೆ ಅಕ್ಕ ಚಿಕ್ಕಪೇಟೆಯಲ್ಲಿ ಒಂದು ಅಂಚು ನೋಡುವುದರೊಳಗೆ ಭಾವ ಎಸ್.ಪಿ. ರೋಡಿನ ಗಲ್ಲಿಗಳಲ್ಲಿ ಮಾಯ. ಹಿಂತಿರುಗುವಾಗ ಚೀಲದ ತುಂಬ ರಿಲೇ, ಸೆನ್ಸರ್, ವಯರು. ಸೀರೆಗಿಟ್ಟ ದುಡ್ಡಿನ ಲೆಕ್ಕ ಆಮೇಲೆ ಚಿಕ್ಕಮಗಳೂರು ದಾಟಿದರೂ ಮುಗಿಯುವುದಿಲ್ಲ.

ಅಕ್ಕನಿಗೆ ಈ ವಿದ್ಯೆಯನ್ನು ಹೇಳಿಕೊಡುವ ಪ್ರಯತ್ನ ಎರಡು ಸಲ ನಡೆದಿದೆ. ಮೊದಲ ಪಾಠ ಸರ್ಕೀಟು ಜೋಡಿಸಿ ನೋಡುವ ಬ್ರೆಡ್‌ಬೋರ್ಡಿನದು. ಹಿಂದೆ ರೇಡಿಯೊ ಹವ್ಯಾಸಿಗಳು ಬ್ರೆಡ್ಡು ಕೊಯ್ಯುವ ಮಣೆಗೇ ಮೊಳೆ ಹೊಡೆದು ಸರ್ಕೀಟು ಕಟ್ಟುತ್ತಿದ್ದರು, ಅದಕ್ಕೇ ಈ ಹೆಸರು ಎಂದರು ಭಾವ. "ಹಾಗಾದ್ರೆ ನನ್ನ ತರಕಾರಿ ಮಣೆ ಎಲ್ಲಿ ಹೋಯ್ತು ಅಂತ ಈಗ ಗೊತ್ತಾಯ್ತು" ಎಂದಳು ಅಕ್ಕ. ಎರಡನೆಯದು ಆರ್ಡುಯಿನೊ. 2005ರಲ್ಲಿ ಇಟಲಿಯ ಇವ್ರಿಯಾ ಊರಿನಲ್ಲಿ ಹುಟ್ಟಿದ ಪುಟ್ಟ ಕಂಪ್ಯೂಟರ್ ಬೋರ್ಡು, ಅಲ್ಲಿದ್ದ ಒಂದು ಬಾರಿನ ಹೆಸರನ್ನೇ ಅದಕ್ಕಿಟ್ಟರು. "ಬಾರಿನ ಹೆಸರಾ? ಅದಕ್ಕೇ ರಾತ್ರಿ ಎರಡಾದ್ರೂ ಎದ್ದು ಬರಲ್ಲ ನೀವು!" ಪಾಠ ಅಲ್ಲಿಗೆ ನಿಂತಿತು.

ಇನ್ನು ಮಳೆಯ ಕತೆ. ನಮ್ಮ ಕಡೆ ಫೋನೆತ್ತಿದರೆ ಮೊದಲು ಕೇಳುವುದು ಊಟವಲ್ಲ, "ನಿಮ್ಮಲ್ಲಿ ಎಷ್ಟಾಯ್ತು?" ಸರ್ಕಾರ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾದರೂ ಪ್ಲಾಂಟರು ಇಂಚು–ಸೆಂಟು ಬಿಟ್ಟಿಲ್ಲ. ನೂರು ಸೆಂಟಿಗೆ ಒಂದು ಇಂಚು. ಮಾರ್ಚ್–ಏಪ್ರಿಲಿನ ಹೂಮಳೆ ಇಂಚಿನಷ್ಟು ಸುರಿದರೆ ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ. ಹತ್ತಿಪ್ಪತ್ತು ಸೆಂಟು ಉದುರಿಸಿ ಕೈಕೊಟ್ಟರೆ ಮೊಗ್ಗಿನ ಗತಿ ದೇವರೇ ಬಲ್ಲ. ಹಾಗಾಗಿ ಈ ಅಂಕಿಯಲ್ಲಿ ಮರ್ಯಾದೆಯೂ ಇದೆ, ಮುಂದಿನ ವರ್ಷದ ಸಾಲವೂ ಇದೆ.

ಅಂಗಳದಲ್ಲಿ ಭಾವನ ತಂದೆಯವರ ಕಾಲದ ತಾಮ್ರದ ಮಳೆಮಾಪಕವಿದೆ. ಬೆಳಗ್ಗೆ ನೀರನ್ನು ಗಾಜಿನ ಅಳತೆಗೆ ಸುರಿದು, ಅಂಕಿ ಓದಿ, ಡೈರಿಗೆ ಬರೆದರೆ ಆಯಿತು. "ಅಲ್ಲಿತನಕ ಹೋಗ್ಬೇಕಲ್ಲ ಮಾರಾಯ!" ಎಂದರು ಭಾವ. ಅಲ್ಲಿತನಕ ಅಂದರೆ ಹನ್ನೆರಡು ಹೆಜ್ಜೆ. ಆ ಹನ್ನೆರಡು ಹೆಜ್ಜೆ ಉಳಿಸಲು ನಾಲ್ಕು ತಿಂಗಳು ಹಿಡಿಯಿತು.

ಭಾವ ಕಟ್ಟಿದ ಯಂತ್ರ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಆಲಿಕೆಯ ಕೆಳಗೆ ತಕ್ಕಡಿಯಂತೆ ತೂಗುವ ಜೋಡಿ ಬಟ್ಟಲು. ಒಂದು ತುಂಬಿದೊಡನೆ ಬಾಗಿ ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಬಾಯಿಗೆ ಬರುತ್ತದೆ. ಬಾಗುವಾಗ ಅದಕ್ಕಂಟಿಸಿದ ಅಯಸ್ಕಾಂತ ರೀಡ್ ಸ್ವಿಚ್ಚಿನ ಮುಂದೆ ಹಾದು, ಗಾಜಿನ ನಳಿಗೆಯೊಳಗಿನ ಎರಡು ತೆಳು ತಗಡುಗಳನ್ನು ಕೂಡಿಸಿ ಬಿಡುತ್ತದೆ. ಒಂದು ಸಲ ಬಾಗಿದರೆ ಒಂದು ಸೆಂಟು. ಎಣಿಸಲು ಸೋಪಿನ ಡಬ್ಬಿಯೊಳಗೆ ಆರ್ಡುಯಿನೊ.

ಯಂತ್ರ ಇಟ್ಟ ರಾತ್ರಿಯೇ ಹೂಮಳೆ ಬಂತು. ಬೆಳಗ್ಗೆ ಭಾವ ಹಾಸಿಗೆಯಲ್ಲೇ ಓದಿದರು: 6 ಇಂಚು 71 ಸೆಂಟು. ಕಾಫಿ ಕುಡಿಯುವ ಮೊದಲೇ ಆಲ್ದೂರು, ಮೂಡಿಗೆರೆ, ಕಳಸಕ್ಕೆಲ್ಲ ಸುದ್ದಿ ಹೋಯಿತು. ಕಳಸದವರೇ ಹೌಹಾರಿದರಂತೆ.

ಎಂಟಕ್ಕೆ ತೋಟದ ರೈಟರು ಬಂದು ಟೋಪಿ ತೆಗೆದು ನಿಂತರು. "ಸಾರ್, ಆರೂಮುಕ್ಕಾಲು ಇಂಚು ಬಿದ್ದಿದ್ರೆ ಲೈನ್ ಮನೆ ನಮ್ಮ ಜೊತೆ ಇರ್ತಿರ್ಲಿಲ್ಲ." ಅಕ್ಕ ಮಾತಾಡದೆ ಹೋಗಿ ತಾಮ್ರದ ಮಾಪಕ ನೋಡಿ ಬಂದಳು. 1 ಇಂಚು 12 ಸೆಂಟು.

ತಪ್ಪು ಸಿಕ್ಕಿದ್ದು ಮೂರು ದಿನಕ್ಕೆ. ಸ್ವಿಚ್ಚಿನೊಳಗಿನ ತಗಡುಗಳು ಒಂದೇ ಏಟಿಗೆ ಅಂಟಿ ನಿಲ್ಲುವುದಿಲ್ಲ. ತಟ್ಟಿ, ಪುಟಿದು, ಮತ್ತೆ ತಟ್ಟುತ್ತವೆ. ನಮ್ಮ ಕಣ್ಣಿಗೆ ಅದು ಒಂದೇ ಸಲ. ಸೆಕೆಂಡಿಗೆ 1 ಕೋಟಿ 60 ಲಕ್ಷ ಸಲ ಮಿಡಿಯುವ ಆರ್ಡುಯಿನೊ ಪ್ರತಿಯೊಂದು ಪುಟಿತವನ್ನೂ ಕಂಡು, ಒಂದು ಸೆಂಟನ್ನು ಆರು ಸೆಂಟೆಂದು ಬರೆದಿದೆ. ಶ್ಯಾನುಭೋಗರ ಕಾಲದಲ್ಲಿ ಇಷ್ಟು ಪ್ರಾಮಾಣಿಕವಾಗಿ ಯಾರೂ ತಪ್ಪು ಲೆಕ್ಕ ಬರೆದಿರಲಾರರು. ಒಮ್ಮೆ ಎಣಿಸಿದ ಮೇಲೆ 50 ಮಿಲಿಸೆಕೆಂಡು ಕಣ್ಣು ಮುಚ್ಚಿಕೊಂಡಿರು ಎಂದು ಭಾವ ಒಂದು ಸಾಲು ಬರೆದರು, ಸರಿಹೋಯಿತು.

ಮಾನ ಹೋಯಿತೆಂದು ಕೊರಗಿದರೆಂದುಕೊಂಡಿರಾ? ಯಂತ್ರ ಮೊದಲ ದಿನವೇ ಸರಿಯಾಗಿದ್ದರೆ ಅವರ ಮುಖದಲ್ಲಿ ಆ ಕಳೆ ಬರುತ್ತಿರಲಿಲ್ಲ. ತಗಡು ಪುಟಿಯುವ ಕತೆಯನ್ನು ನನಗೆ, ರೈಟರಿಗೆ, ದನಕ್ಕೆ ಸೂಜಿ ಹಾಕಲು ಬಂದ ಡಾಕ್ಟರಿಗೆ, ಎಲ್ಲರಿಗೂ ಚಮಚ ಬಡಿದು ತೋರಿಸಿದರು. ಸರಿಹೋದದ್ದರ ಮೇಲೆ ಮಾತ್ರ ಅವರಿಗೆ ಆಸಕ್ತಿ ಉಳಿಯುವುದಿಲ್ಲ. ಜೂನಿನಲ್ಲಿ ಆಲಿಕೆಯೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತು. ಜಡಿಮಳೆಗೆ ಬಚ್ಚಲ ಗೋಡೆ ಜರಿದ ದಿನವೂ ಸೋಪಿನ ಡಬ್ಬಿ ಸೊನ್ನೆ ತೋರಿಸುತ್ತಿತ್ತು. ಡೈರಿಯನ್ನು ಅಕ್ಕ ಬರೆಯುತ್ತಿದ್ದಾಳೆ, ಹನ್ನೆರಡು ಹೆಜ್ಜೆ ನಡೆದು, ಕೊಡೆ ಹಿಡಿದು.

ಭಾವ ಈಗ ವಯರಿಲ್ಲದ ಸ್ವಿಚ್ಚುಗಳ ಹಿಂದೆ ಬಿದ್ದಿದ್ದಾರೆ. ನೀವು ಕೈಮರ ದಾಟಿ ಆ ಕಡೆ ಬಂದರೆ ಖಂಡಿತ ಮನೆಗೆ ಬನ್ನಿ, ಅಕ್ಕನ ಕೈಯ ಕಾಫಿ ಚೆನ್ನಾಗಿರುತ್ತದೆ. ಗೇಟಿನ ಬೆಲ್ಲು ಮಾತ್ರ ಒತ್ತಬೇಡಿ. ಒತ್ತಿದರೆ ಕೆರೆಯ ಪಂಪು ಶುರುವಾಗುತ್ತದೆ. ಸುಮ್ಮನೆ "ಅಕ್ಕಾ" ಎಂದು ಕೂಗಿ.