ಎಂಟು ತಾಸಿನ ಕಡಲದಂಡೆ: ಒಂದು ಬಹುಶಿಸ್ತೀಯ ತಾತ್ವಿಕ ವಿವೇಚನೆ

1. ಪ್ರಸ್ತಾವನೆ, ವ್ಯಾಪ್ತಿ ಹಾಗೂ ಮಿತಿ

ಪುಣೆಗೆ ಕಡಲಿಲ್ಲ. ಈ ಅಭಾವವೇ ಪ್ರಸ್ತುತ ಅಧ್ಯಯನದ ಸೈದ್ಧಾಂತಿಕ ಬುನಾದಿ. ಮುಳಾ, ಮುಠಾ ಎಂಬ ಎರಡು ನದಿಗಳು ಇವೆಯಾದರೂ ಅವುಗಳ ದಂಡೆಯಲ್ಲಿ ಟವೆಲ್ ಹಾಸಿ ಮಲಗುವ ಪರಂಪರೆ ಇಲ್ಲಿ ಬೆಳೆದುಬಂದಿಲ್ಲ. ಅದರ ಕಾರಣಗಳು ಮೂಗಿನ ನೆಲೆಯಲ್ಲಿವೆ. ಆದ್ದರಿಂದ ಕೋಥರೂಡ, ಕರ್ವೆನಗರ, ಚಿಂಚವಡಗಳಲ್ಲಿ ನೆಲೆನಿಂತ ಕನ್ನಡ ಕುಟುಂಬವು ತನ್ನ ತೀರಾಪೇಕ್ಷೆಯನ್ನು ತಣಿಸಿಕೊಳ್ಳಲು ಬೆಳಿಗ್ಗೆ 7.15ರ ಡೆಕ್ಕನ್ ಕ್ವೀನ್ ಹಿಡಿಯುತ್ತದೆ, ಮುಂಬಯಿಯ ಬ್ಯಾಲಾರ್ಡ್ ಪಿಯರಿನಲ್ಲಿ ಕ್ರೂಸ್ ಹಡಗು ಹತ್ತುತ್ತದೆ, ಗೋವಾದ ಮುರಗಾಂವ್ ಬಂದರಿನಲ್ಲಿ ಇಳಿಯುತ್ತದೆ, ಮತ್ತು ಹಡಗು ಹೊರಡುವುದರೊಳಗೆ ಓಡುತ್ತ ಮರಳುತ್ತದೆ. ಇಳಿಯುವುದಕ್ಕೂ ಓಡುವುದಕ್ಕೂ ನಡುವೆ ಸಿಗುವ ಎಂಟು ತಾಸುಗಳಲ್ಲಿ, ತಲೆಗೆ ಆದಷ್ಟು ಕಡಿಮೆ ಖರ್ಚಿನಲ್ಲಿ, ಯಾವ ರೆಸಾರ್ಟಿನ ಯಾವ ಕುರ್ಚಿಯಲ್ಲಿ ಕೂತು ಕಡಲು ನೋಡಬೇಕು? ಇದೇ ನಮ್ಮ ಸಮಸ್ಯಾಸೂತ್ರ.

ಇದು ಅಗ್ಗತ್ವದ ಪರಿಪ್ರೇಕ್ಷ್ಯದಲ್ಲಿ ತೀರಸಂಕಥನದ ಯಜಮಾನಿಕೆಯನ್ನು ನಿರಚನೆಗೊಳಪಡಿಸುವ ಮುಖೇನ ಬಹುಮುಖೀ ಅನನ್ಯತೆಗಳ ಅಂತಸ್ಸಂಬಂಧವನ್ನು ಅನುಸಂಧಾನಿಸುವ ವಿನಮ್ರ ಪ್ರಯತ್ನ. ಈ ವಾಕ್ಯದ ಅರ್ಥ ಬರೆದವನಿಗೂ ಆಗಿಲ್ಲ. ಆದರೆ ವಿಚಾರ ಸಂಕಿರಣಗಳಲ್ಲಿ ಮುಂದಿನ ಸಾಲಿಗೆ ಸಿಕ್ಕಿಬಿದ್ದು, ಅಡುಗೆಯವರು ಸಾರು ಎರಡನೇ ಸಲ ಬಿಸಿಮಾಡಿದರೂ ಮುಗಿಯದ ಇಂಥ ವಾಕ್ಯಗಳನ್ನು ವರ್ಷಗಟ್ಟಲೆ ಕೇಳಿಸಿಕೊಂಡವನಿಗೆ ಒಂದನ್ನಾದರೂ ತಿರುಗಿ ಎಸೆಯುವ ಹಕ್ಕಿದೆ.

ಮಿತಿ: ಮದ್ಯದ ದರಪಟ್ಟಿಯನ್ನು ಅಧ್ಯಯನದಿಂದ ಹೊರಗಿಡಲಾಗಿದೆ. ಮನೆಯವರು ಓದುತ್ತಾರೆ.

2. ಪೂರ್ವಸೂರಿಗಳು

ಮುಂಬಯಿಯಿಂದ ಗೋವಾಕ್ಕೆ ಹಡಗಿನಲ್ಲಿ ಹೋಗುವುದನ್ನು ಈಚಿನ ಜಾಹೀರಾತುಗಳು ತಾವೇ ಕಂಡುಹಿಡಿದಂತೆ ಸಾರುತ್ತಿವೆ. 2018ರಲ್ಲಿ ಅಂಗ್ರಿಯಾ ಎಂಬ ಹಡಗು ಈ ದಾರಿಯಲ್ಲಿ ಓಡಿತು, 2021ರಿಂದ ಇನ್ನೂ ದೊಡ್ಡದು ಬಂತು. ಆದರೆ ಕೊಂಕಣದ ಆಗಬೋಟುಗಳು ತಲೆಮಾರುಗಳ ಕಾಲ ಇದೇ ನೀರಿನಲ್ಲಿ ಓಡಾಡಿದವು. ರತ್ನಾಗಿರಿ, ವಿಜಯದುರ್ಗ, ದೇವಗಡ, ಮಾಲವಣ, ವೆಂಗುರ್ಲೆ ಎಂದು ಬಂದರು ಬಂದರಿಗೂ ನಿಲ್ಲುತ್ತಿದ್ದವು, ಜನ ಗಂಟುಮೂಟೆ ಸಮೇತ ಸಣ್ಣ ದೋಣಿಗೆ ಜಿಗಿದು ದಡ ಸೇರುತ್ತಿದ್ದರು. ಅವರಿಗೆ ಇಳಿದ ಮೇಲೆ ಎಲ್ಲಿಗೆ ಹೋಗಬೇಕೆಂಬ ಸೈದ್ಧಾಂತಿಕ ಗೊಂದಲ ಇರಲಿಲ್ಲ. ದಡದಲ್ಲಿ ರೆಸಾರ್ಟ್ ಇರಲಿಲ್ಲ, ಮನೆ ಇತ್ತು.

3. ಪಠ್ಯದ ಪರಿಷ್ಕರಣ

ಅಧ್ಯಯನದ ಮುಖ್ಯ ಆಕರ, ನಮ್ಮ ಪುಣೆ ಕನ್ನಡ ಬಳಗದ ವಾಟ್ಸಾಪ್ ಗುಂಪಿಗೆ ಬಂದ ಒಂದು ಸಂದೇಶ. ‘ಗೋವಾ ಬೀಚ್ ರೆಸಾರ್ಟ್ ದಿನದ ಪ್ಯಾಕೇಜ್, ಎಲ್ಲ ಸೇರಿ ತಲೆಗೆ 1,999 ಮಾತ್ರ.’ ಇದರ ಮೂಲಪಾಠ ನಿರ್ಣಯಿಸುವುದು ಸುಲಭವಲ್ಲ. ಅದೃಷ್ಟಕ್ಕೆ ನಾವಿರುವುದು ಪುಣೆಯಲ್ಲಿ. 1917ರಲ್ಲಿ ಸ್ಥಾಪನೆಯಾದ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆ ಇದೇ ಊರಿನಲ್ಲಿ 1,259 ಹಸ್ತಪ್ರತಿಗಳನ್ನು ತಾಳೆ ನೋಡಿ ಮಹಾಭಾರತದ ಪರಿಷ್ಕೃತ ಆವೃತ್ತಿ ತಂದಿತು. 1919ರಲ್ಲಿ ಶುರುವಾದ ಕೆಲಸ ಮುಗಿದದ್ದು 1966ರಲ್ಲಿ. ವಿ.ಎಸ್. ಸುಕ್ಥಣಕರರು ಅನುಸರಿಸಿದ ಕ್ರಮವನ್ನೇ, ಅವರ ಆತ್ಮದ ಕ್ಷಮೆ ಕೋರಿ, ಇಲ್ಲಿಯೂ ಅನುಸರಿಸಲಾಗಿದೆ.

ದೊರೆತ ಪ್ರತಿಗಳನ್ನು ಎರಡು ಶಾಖೆಗಳಾಗಿ ವಿಂಗಡಿಸಬಹುದು. ಕೋಥರೂಡ ಶಾಖೆಯ ಪ್ರತಿಗಳು ಸಂಕ್ಷಿಪ್ತ, ಆದ್ದರಿಂದ ಪ್ರಾಚೀನ. ಹಿಂಜೇವಾಡಿ ಶಾಖೆಯಲ್ಲಿ ಚಿತ್ರಗಳು ಹೆಚ್ಚು, ಅಕ್ಷರ ಕಡಿಮೆ. ‘ಎಲ್ಲ ಸೇರಿ’ ಎಂಬಲ್ಲಿ ಹಿಂಜೇವಾಡಿ ಪ್ರತಿಗಳು ‘ಎಲ್ಲ ಸೇರಿ*’ ಎಂದು ಓದುತ್ತವೆ. ಈ ನಕ್ಷತ್ರಚಿಹ್ನೆಯ ವ್ಯಾಖ್ಯಾನ ಪ್ರತಿಯ ತೀರ ಕೆಳಗೆ, ಇರುವೆಯೂ ಕನ್ನಡಕ ಹಾಕಿಕೊಂಡು ಓದಬೇಕಾದ ಅಕ್ಷರದಲ್ಲಿದೆ: ತೆರಿಗೆ ಬೇರೆ, ಬಂದರಿನಿಂದ ಸಾಗಣೆ ಬೇರೆ, ನೆರಳಿನ ಕುರ್ಚಿ ಬೇರೆ, ಲಾಕರ್ ಬೇರೆ, ಟವೆಲ್ಲಿಗೆ ಠೇವಣಿ. ‘ಸ್ವಾಗತ ಪಾನೀಯ ಉಚಿತ’ ಎಂಬ ಪಾದ ಎಲ್ಲ ಪ್ರತಿಗಳಲ್ಲೂ ಇದೆ. ಪಾನೀಯ ಮಾತ್ರ ಯಾವ ಪ್ರತಿಯಲ್ಲೂ ದೊರೆತಿಲ್ಲ. ‘ಖಾಸಗಿ ಬೀಚ್’ ಎಂಬುದು ನಿಸ್ಸಂದೇಹವಾಗಿ ಪ್ರಕ್ಷಿಪ್ತ. ಉಬ್ಬರದ ಗೆರೆಗೂ ಇಳಿತದ ಗೆರೆಗೂ ನಡುವಿನ ಮರಳನ್ನು ಯಾವ ಹೋಟೆಲಿನವನೂ ಕೊಂಡುಕೊಂಡಿಲ್ಲ, ಕೊಳ್ಳುವಂತೆಯೂ ಇಲ್ಲ. ಅದರ ಮೇಲೆ ಹಗ್ಗ ಕಟ್ಟಿ ದುಡ್ಡು ಕೀಳುವುದು ಮಾತ್ರ ನಡೆದೇ ಇದೆ.

ಗುಂಪಿನಲ್ಲಿ ಈ ಪಾಠಾಂತರಗಳನ್ನು ಮೊದಲು ಗುರುತಿಸಿದ ವಿದ್ವಾಂಸೆ ನಮ್ಮ ವೈನಿ. “ಅಲ್ರೀ ಭಾವಜಿ, ನಮ್ಮ ಮೈ ಒರಸ್ಕೊಳ್ಳಾಕ ಅವ್ರ ಕಡೆ ಡಿಪಾಸಿಟ್ ಇಡಬೇಕಂದ್ರ ಏನ್ರಿ ಇದು? ಮನಿಂದ ಎರಡು ಪಂಜಾ ತಗೊಂಡು ಹೋಗೂಣು.” ಕನ್ನಡ ಗ್ರಂಥಸಂಪಾದನೆಯ ಇತಿಹಾಸದಲ್ಲಿ ಇಷ್ಟು ಖಚಿತವಾದ ಟಿಪ್ಪಣಿ ವಿರಳ.

4. ಅಗ್ಗಾಂಕ

ಯಾವುದೇ ಶಾಸ್ತ್ರಕ್ಕೆ ಸೂತ್ರವಿಲ್ಲದಿದ್ದರೆ ಧನಸಹಾಯ ಸಿಗುವುದಿಲ್ಲ. ಆದ್ದರಿಂದ: ಟ್ಯಾಕ್ಸಿ, ಊಟ, ತೆರಿಗೆ, ನಾಚಿಕೆ ಇವುಗಳ ಮೊತ್ತವನ್ನು ಕಡಲಿನ ಎದುರು ನಿಜವಾಗಿ ಕೂತ ತಾಸುಗಳಿಂದ ಭಾಗಿಸಿದರೆ ಬರುವುದು ಅಗ್ಗಾಂಕ. ‘ನಾಚಿಕೆ’ ಎಂದರೆ ಮಾಣಿ ಬಂದು ನಿಂತಾಗ ಬೇಡದಿದ್ದರೂ ತರಿಸಿಕೊಂಡ ಫಿಂಗರ್ ಚಿಪ್ಸಿನ ಬೆಲೆ.

ಭಾಜಕದ ಕಡೆ ವಿಶೇಷ ಲಕ್ಷ್ಯ ಬೇಕು. ಎಂಟು ತಾಸು ಎಂಬುದು ಶುದ್ಧ ಮಾಯಾವಾದ. ಹಡಗು ಕಟ್ಟೆಗೆ ತಾಗಿದೊಡನೆ ಜನ ಇಳಿಯುವುದಿಲ್ಲ. ಡೆಕ್ಕು ಡೆಕ್ಕಿನ ಹೆಸರು ಕೂಗುತ್ತಾರೆ, ಕಾರ್ಡು ನೋಡುತ್ತಾರೆ, ಸಾಲು ಮೆಟ್ಟಿಲ ಮೇಲೆ ಹಾವಿನಂತೆ ಹರಿಯುತ್ತದೆ. ಗೇಟಿನ ಹೊರಗೆ ಟ್ಯಾಕ್ಸಿಯವರು ದರ ಹೇಳುತ್ತಾರೆ. ಮೀಟರು ಎಂಬ ಉಪಕರಣದ ಬಗ್ಗೆ ಅವರಿಗಿರುವ ತಾತ್ವಿಕ ವಿರೋಧ ಗೋವಾ ಕಂಡವರಿಗೆಲ್ಲ ಗೊತ್ತು. ಆ್ಯಪಿನ ಟ್ಯಾಕ್ಸಿಗೂ ಅಲ್ಲಿನ ಯೂನಿಯನ್ನಿಗೂ ವರ್ಷಗಳಿಂದ ಜಗಳ. ಇತ್ತ ಹಡಗಿನವರು ಹೊರಡುವುದಕ್ಕೆ ಸಾಕಷ್ಟು ಮೊದಲೇ ಬಂದು ಸೇರಬೇಕೆಂದು ತಾಕೀತು ಮಾಡಿರುತ್ತಾರೆ. ಕಳೆದು ಕಳೆದು ಉಳಿಯುವುದು ಅರ್ಧ. ಅದರಲ್ಲಿ ಊಟದ ಬಫೆ ಸಾಲಿಗೆ ಒಂದು ಪಾಲು. ದೂರದ ಬೀಚು ಹಿಡಿದವರಿಗೆ ಅಗ್ಗಾಂಕ ಅನಂತದತ್ತ ಹೊರಳುತ್ತದೆ. ಇದನ್ನು ರೇಖಾಚಿತ್ರದಲ್ಲಿ ತೋರಿಸಬಹುದಿತ್ತು. ತೋರಿಸುವುದಿಲ್ಲ.

5. ತೀರಗಳ ಸಪ್ತವಿಧ ವರ್ಗೀಕರಣ

5.1. ನದ್ಯುತ್ತರ ತೀರಗಳು. ಕಳಂಗುಟ್, ಬಾಗಾ ಮುಂತಾದವು. ಮುರಗಾಂವಿನಿಂದ ಅಲ್ಲಿಗೆ ಹೋಗಲು ಝುವಾರಿಯನ್ನೂ ಆಮೇಲೆ ಮಾಂಡವಿಯನ್ನೂ ದಾಟಬೇಕು. ಝುವಾರಿಯ ಹೊಸ ಸೇತುವೆ 2022ರ ಕೊನೆಯಲ್ಲಿ ತೆರೆದ ಮೇಲೆ ದಾರಿ ಹಗುರಾಗಿದೆ ನಿಜ. ಆದರೂ ಹಡಗಿನಿಂದ ಇಳಿದವರು ಅಲ್ಲಿಗೆ ಹೋಗುವುದು, ಹೋಗಿದ್ದೆವು ಎನ್ನಲು. ಕಡಲಿಗಿಂತ ಕಾರಿನ ಹಿಂದಿನ ಸೀಟನ್ನೇ ಹೆಚ್ಚು ನೋಡಿ ಬರುತ್ತಾರೆ.

5.2. ದಾಕ್ಷಿಣಾತ್ಯ ಶ್ವೇತಸಿಕತಾ ತೀರಗಳು. ಮಜೋರ್ಡಾ, ಕೋಲ್ವಾ ಮತ್ತು ಮುಂದಿನ ಉದ್ದನೆಯ ಮರಳುಪಟ್ಟಿ. ದಿನದ ಪಾಸು ಮಾರುವ ದೊಡ್ಡ ರೆಸಾರ್ಟುಗಳು ಹೆಚ್ಚಾಗಿ ಇಲ್ಲಿವೆ. ಪಾಸು ಕೊಂಡವರು ಈಜುಕೊಳದಲ್ಲಿ ಮುಳುಗಿ ಕಡಲಿಗೆ ಬೆನ್ನು ಹಾಕಿ ಕೂರುತ್ತಾರೆ. ಪುಣೆಯಲ್ಲಿ ಸೊಸೈಟಿಗೊಂದು ಈಜುಕೊಳವಿದೆ. ಹಡಗು ಹತ್ತಿ ಬಂದು ಇನ್ನೊಂದನ್ನು ನೋಡುವ ತತ್ತ್ವ ಈ ಅಧ್ಯಯನದ ವ್ಯಾಪ್ತಿಗೆ ಮೀರಿದ್ದು. ಅದೇ ಕೋಲ್ವಾದಲ್ಲಿ ರೆಸಾರ್ಟಿನ ಗೋಡೆಯ ಆಚೆ ಶ್ಯಾಕಿನಲ್ಲಿ ಅನ್ನ ಸಾರು ಉಂಡರೆ ಅದೇ ಕಡಲು ಕಾಣುತ್ತದೆ.

5.3. ವಿಮಾನಾಂತಿಕ ತೀರ. ಬೊಗ್ಮಾಳೊ. ದಾಬೋಳಿ ವಿಮಾನ ನಿಲ್ದಾಣದ ಮಗ್ಗುಲಲ್ಲಿದೆ, ಬಂದರಿಗೆ ಹತ್ತಿರ, ಮಕ್ಕಳಿಗೆ ನೌಕಾ ವಿಮಾನಗಳ ವಸ್ತುಸಂಗ್ರಹಾಲಯವೂ ಉಂಟು. ಕಡಲಿಗೆ ಅಂಟಿಕೊಂಡೇ ಒಂದು ಬಹುಮಹಡಿ ಹೋಟೆಲ್ ನಿಂತಿದೆ. ಎಷ್ಟು ಅಂಟಿಕೊಂಡಿದೆ ಎಂದು ಓದುಗರು ಮನಸ್ಸಿನಲ್ಲಿಟ್ಟುಕೊಂಡಿರಬೇಕು.

5.4. ವೆಲ್ಸಾವ್. ಇದಕ್ಕೆ ಸಂಸ್ಕೃತ ಹೆಸರು ಹುಡುಕುವ ಉತ್ಸಾಹ ಉಳಿದಿಲ್ಲ. ಒಂದು ತುದಿಯಲ್ಲಿ ಗೊಬ್ಬರದ ಕಾರ್ಖಾನೆ, ಬೆನ್ನ ಹಿಂದೆ ರೈಲುಹಳಿ. ಆ ಹಳಿಯನ್ನು ಜೋಡಿಮಾರ್ಗ ಮಾಡುವುದು ಕಲ್ಲಿದ್ದಲು ಸಾಗಿಸಲೆಂದೇ ಎಂದು ಊರವರು ಬೀದಿಗಿಳಿದಿದ್ದಾರೆ. ಆ ಕಲ್ಲಿದ್ದಲು ಮುರಗಾಂವಿನಲ್ಲಿ ಇಳಿದು, ಬ್ರಗಾಂಝಾ ಘಾಟಿ ಹತ್ತಿ, ಕ್ಯಾಸಲ್‌ರಾಕ್ ದಾಟಿ ನಮ್ಮ ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಹೋಗುತ್ತದೆ. ಅದರ ಧೂಳು ವಾಸ್ಕೋದ ಮನೆಗಳ ಕಿಟಕಿಯ ಮೇಲೆ ಕೂರುತ್ತದೆ. ಕ್ರೂಸಿನ ಬಣ್ಣದ ಪುಸ್ತಿಕೆಯಲ್ಲಿ ಇದು ಬರುವುದಿಲ್ಲ.

ಉಳಿದ ಮೂರು ವರ್ಗಗಳನ್ನು ಕೈಬಿಡಲಾಗಿದೆ.

6. ಬೈನಾ

ಅಗ್ಗದ ಕಡಲದಂಡೆ ಯಾವುದು ಎಂಬ ಪ್ರಶ್ನೆಗೆ ಇಷ್ಟೆಲ್ಲ ಗುಡ್ಡ ಅಗೆಯಬೇಕಾಗಿರಲಿಲ್ಲ. ಬಂದರಿಗೆ ತೀರ ಹತ್ತಿರದ್ದು ಬೈನಾ, ವಾಸ್ಕೋ ಊರಿನದೇ ದಂಡೆ. ರಿಕ್ಷಾದಲ್ಲಿ ಹೋದರಾಯಿತು. ನಮ್ಮ ಗುಂಪಿನ ಯಾವ ಪಟ್ಟಿಯಲ್ಲೂ ಅದರ ಹೆಸರಿರಲಿಲ್ಲ. “ಅಲ್ಲಿ ಎಲ್ಲ ನಮ್ಮ ಕಡೆಯವರೇ ಇದ್ದಾರೆ, ಗೋವಾ ಅಂತ ಅನ್ನಿಸೂದಿಲ್ಲ” ಎಂದರು ಒಬ್ಬ ಕಾಕಾ. ಅವರು ಹೇಳಿದ್ದರಲ್ಲಿ ಮೊದಲ ಅರ್ಧ ನಿಜ.

1961ರಲ್ಲಿ ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾಗಿ, ಬಂದರು, ಅದಿರು, ರಸ್ತೆ, ಕಟ್ಟಡದ ಕೆಲಸ ಬೆಳೆದಂತೆ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯ ಜನ ಮಳೆ ಕೈಕೊಟ್ಟ ವರ್ಷಗಳಲ್ಲಿ ಹೊಟ್ಟೆ ಕಟ್ಟಿಕೊಂಡು ಬಂದರು. ಕಲ್ಲು ಹೊತ್ತರು, ಡಾಂಬರು ಹಾಕಿದರು, ಹಡಗಿಗೆ ಮೂಟೆ ತುಂಬಿದರು. ಊರೊಳಗೆ ಜಾಗ ಸಿಗದವರು ಮರಳಿನ ಅಂಚಿಗೆ ತಗಡು ಹೊದಿಸಿಕೊಂಡರು. ಅದೇ ದಂಡೆಯಲ್ಲಿ ಮೈ ಮಾರುವ ಓಣಿಯೂ ಬೆಳೆಯಿತು. ಅಲ್ಲಿದ್ದ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ಆಂಧ್ರದವರು ಮತ್ತು ನಮ್ಮ ಉತ್ತರ ಕರ್ನಾಟಕದವರು. ಹೈಕೋರ್ಟಿನ ಆದೇಶ ಹಿಡಿದುಕೊಂಡು 2004ರ ಜೂನ್‌ನಲ್ಲಿ, ಮಳೆಗಾಲದ ಬಾಗಿಲಲ್ಲಿ, ಸರ್ಕಾರ ಆ ಓಣಿಗೆ ಬುಲ್ಡೋಜರ್ ನುಗ್ಗಿಸಿತು. ಪುನರ್ವಸತಿ ಮಾತಿನಲ್ಲಿತ್ತು, ಬುಲ್ಡೋಜರ್ ಕಣ್ಣೆದುರಿಗಿತ್ತು. 2017ರ ಸೆಪ್ಟೆಂಬರಿನಲ್ಲಿ ದಂಡೆಯ ಮೇಲಿನ ಕನ್ನಡಿಗರ ಐವತ್ತಕ್ಕೂ ಹೆಚ್ಚು ಮನೆಗಳನ್ನು ಮತ್ತೆ ಕೆಡವಿದರು. ಮನೆಗಳು ಕಡಲಿಗೆ ತೀರ ಹತ್ತಿರ ಇವೆ, ಕರಾವಳಿ ನಿಯಮ ಒಪ್ಪುವುದಿಲ್ಲ ಎಂಬುದು ಕಾರಣ.

ಬೊಗ್ಮಾಳೊದ ಹೋಟೆಲ್ ಎಷ್ಟು ದೂರದಲ್ಲಿದೆ ಸ್ವಾಮಿ? ಕರಾವಳಿ ನಿಯಮ ಬಂದದ್ದು 1991ರಲ್ಲಿ, ಹೋಟೆಲ್ ಎದ್ದದ್ದು ಅದಕ್ಕಿಂತ ಮುಂಚೆ ಎನ್ನುತ್ತೀರಿ. ಒಪ್ಪಿದೆ. ತಾವೂ ದಶಕಗಳ ಹಿಂದೆಯೇ ಬಂದವರು ಎಂದು ಬೈನಾದವರೂ ಹೇಳಿದರು. ಅವರ ಮಾತಿಗೆ ಲಿಫ್ಟು, ಈಜುಕೊಳ, ಬಫೆ ಇರಲಿಲ್ಲ, ಅಷ್ಟೆ.

ಬೆಂಗಳೂರಿನಲ್ಲಿ ಒಂದೆರಡು ವಾರ ಹೇಳಿಕೆಗಳು ಬಂದವು, ನಿಂತವು. ನಮ್ಮ ಸಂಕಿರಣಗಳಲ್ಲಿ ‘ಅಂಚಿನ ಸಮುದಾಯಗಳ ಸ್ಥಾನಪಲ್ಲಟ’ ಎಂದು ಬೆಳಗಿನಿಂದ ಸಂಜೆವರೆಗೆ ಪ್ರಬಂಧ ಓದುವವರು ಗೋವಾಕ್ಕೆ ಹೋಗಿ ಬರುತ್ತಲೇ ಇರುತ್ತಾರೆ. ಅವರಿಂದ ಬೈನಾ ಎಂಬ ಎರಡಕ್ಷರ ನಾನು ಕೇಳಿಲ್ಲ. ವಿದ್ವತ್ತಿನ ಭಾಷೆ ಇಷ್ಟು ಬಲಿತ ಮೇಲೆ ಅದರಿಂದ ಒಂದು ಮನೆಯ ತಗಡು ಬಿದ್ದ ಸದ್ದನ್ನೂ ಹೇಳಲಾಗದಿದ್ದರೆ ಅದನ್ನು ಇಟ್ಟುಕೊಂಡು ಏನು ಮಾಡಬೇಕು? ಅಣಕ ಮಾಡುವುದಾದರೂ ಎಷ್ಟು ಹೊತ್ತು?

ಕೊನೆಗೆ ನಾವು ಹೋದದ್ದು ಬೈನಾಕ್ಕೇ, ವೈನಿಯ ಹಟದಿಂದ. ದಂಡೆಯನ್ನು ಚೊಕ್ಕಟ ಮಾಡಿದ್ದಾರೆ, ಕೂರಲು ಕಟ್ಟೆಯಿದೆ. ಚಹಾದ ಗಾಡಿಯ ಹೆಂಗಸು ವೈನಿಯ ಮಾತು ಕೇಳುತ್ತಲೇ “ಯಾವೂರ್ರೀ ಅಕ್ಕಾರ?” ಎಂದಳು. ಅವಳದು ಬಾದಾಮಿ ತಾಲೂಕು. ಸ್ಟೋವಿನ ಜ್ವಾಲೆಗೆ ಗಾಳಿ ಬಡಿಯದಂತೆ ಹಳೆಯ ಎಣ್ಣೆ ಡಬ್ಬಿಯ ತಗಡನ್ನು ಬಗ್ಗಿಸಿ ಸುತ್ತ ನಿಲ್ಲಿಸಿದ್ದಳು. ಒಳಗೆ ಶುಂಠಿ ಜಜ್ಜಿ ಹಾಕಿ ಮೂರು ಸಲ ಉಕ್ಕಿಸಿ ಇಳಿಸಿದಳು. ಮನೆ ಎಲ್ಲಿ ಎಂದು ವೈನಿ ಕೇಳಿದ್ದಕ್ಕೆ ಗಲ್ಲವನ್ನು ನೀರಿನ ಕಡೆಗೆ ಎತ್ತಿ “ಮದಲ ಇಲ್ಲೇ ಇತ್ತು, ಈಗ ಝುವಾರಿನಗರದಾಗ ಬಾಡಿಗಿ” ಎಂದು, ಸಕ್ಕರೆ ಎಷ್ಟು ಹಾಕಲಿ ಎಂದಳು.

7. ಫಲಿತ

ಮುರಗಾಂವಿನಲ್ಲಿ ಇಳಿಯುವ ಪುಣೆಯ ಕನ್ನಡಿಗರು ರೆಸಾರ್ಟಿನ ದಿನದ ಪಾಸಿಗೆ ದುಡ್ಡು ಹಾಕಬೇಕಾಗಿಲ್ಲ. ಚಪಾತಿ, ಶೇಂಗಾಚಟ್ನಿ ಹಡಗಿನೊಳಗೆ ಬಿಡುವುದಿಲ್ಲವಾದರೆ ವಾಸ್ಕೋ ಮಾರ್ಕೆಟ್ಟಿನಲ್ಲಿ ಊಟ ಸಿಗುತ್ತದೆ. ಬೈನಾದ ದಂಡೆಗೆ ಪ್ರವೇಶ ಶುಲ್ಕವಿಲ್ಲ. ಈಜುವ ಆಸೆಯಿದ್ದರೆ ಬೊಗ್ಮಾಳೊಗೆ ಹೋಗಿ, ಕೆಂಪು ಬಾವುಟ ಇರುವಲ್ಲಿ ನೀರಿಗಿಳಿಯಬೇಡಿ, ಜೀವರಕ್ಷಕರು ಸೀಟಿ ಊದಿದರೆ ವಾದಿಸದೆ ಮೇಲೆ ಬನ್ನಿ. ಬೈನಾದಲ್ಲಿ ಚಹಾ ಕುಡಿದರೆ ಕನ್ನಡದಲ್ಲೇ ಮಾತಾಡಿಸಿ, ಚೌಕಾಸಿ ಮಾಡಬೇಡಿ. ಹಡಗು ಯಾರಿಗೂ ಕಾಯುವುದಿಲ್ಲ. ಹೇಳಿದ ಹೊತ್ತಿಗಿಂತ ಒಂದು ತಾಸು ಮೊದಲೇ ಬಂದರಿನ ಗೇಟಿನಲ್ಲಿರಿ.