ಸ್ಥೂಲಕಾರು ಮೀಮಾಂಸೆ

ಭಾರತದಲ್ಲಿ ದೊಡ್ಡ ಕಾರಿಗೆ ಎರಡು ಲಕ್ಷಣಗಳುಂಟು. ಲೋಕರೂಢಿಯಂತೆ, ಎದುರುಮನೆಯವರ ಕಾರಿಗಿಂತ ಗೇಣುದ್ದ ಹೆಚ್ಚಿರುವುದು ದೊಡ್ಡದು. ಶಾಸನದಂತೆ, ನಾಲ್ಕು ಮೀಟರ್ ಮೀರಿದ್ದು. ಮೊದಲನೆಯದು ಮಾರಾಟವನ್ನು ಏರಿಸುತ್ತದೆ, ಎರಡನೆಯದು ಇಳಿಸುತ್ತದೆ. ಮನೆಯಲ್ಲಿ ಎಷ್ಟು ಜನರಿದ್ದಾರೆ ಎಂಬ ಪ್ರಶ್ನೆ ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

2006ರ ಬಜೆಟ್ಟು ನಾಲ್ಕು ಮೀಟರ್ ಒಳಗಿನ, ಪುಟ್ಟ ಎಂಜಿನ್ನಿನ ಕಾರುಗಳ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿತು. ಕಾರುಗಳ ಬಾಲಕ್ಕೆ ಕತ್ತರಿ ಬಿದ್ದದ್ದು ಆಗ. 2008ರಲ್ಲಿ 4160 ಮಿ.ಮೀ. ಇದ್ದ ಸ್ವಿಫ್ಟ್ ಡಿಜೈರ್ 2012ರಲ್ಲಿ 3995ಕ್ಕೆ ಬಂದು ನಿಂತಿತು. ಡಿಕ್ಕಿಯಲ್ಲಿ ಒಂದೆರಡು ಸೂಟ್‌ಕೇಸಿನ ಜಾಗ ಹೋಯಿತು. ಬಾಟಾ ಚಪ್ಪಲಿಯ ಬೆಲೆ ನೂರು ಮುಟ್ಟದೆ 99 ರೂಪಾಯಿ 95 ಪೈಸೆಗೆ ನಿಲ್ಲುತ್ತಿದ್ದುದೂ ಹೀಗೆಯೇ. ಆದ್ದರಿಂದ ಇದಕ್ಕೆ ‘ಬಾಟಾ ನ್ಯಾಯ’ ಎಂದು ಹೆಸರು.

2013ರಲ್ಲಿ ನೆಲದಿಂದ 170 ಮಿ.ಮೀ. ಎತ್ತರವಿರುವ ಎಸ್‌ಯುವಿಗಳಿಗೆ ಸುಂಕ ಏರಿತು. ಒಂದು ಕಂಪನಿಯ ಬಂಡಿ ಕೂಡಲೇ 160ಕ್ಕೆ ಕುಳಿತಿತು. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ದಿಲ್ಲಿಯಲ್ಲಿ 2000 ಸಿಸಿ ಮುಟ್ಟಿದ ಡೀಸೆಲ್ ಕಾರುಗಳ ನೋಂದಣಿ ತಡೆದಾಗ, ತಿಂಗಳೊಪ್ಪತ್ತಿನಲ್ಲಿ 1.99 ಲೀಟರಿನ ಎಂಜಿನ್ ಹುಟ್ಟಿತು. ಇಷ್ಟು ಕರಾರುವಾಕ್ಕಾಗಿ ಸಾಬೀತಾದ ನ್ಯಾಯ ತರ್ಕಶಾಸ್ತ್ರದಲ್ಲೂ ಅಪರೂಪ.

ಇಂಧನದ ಪಾತ್ರವೂ ಉಂಟು. 2010ರಲ್ಲಿ ಪೆಟ್ರೋಲಿನ ದರವನ್ನು ಮಾರುಕಟ್ಟೆಗೆ ಬಿಟ್ಟು, ಡೀಸೆಲನ್ನು ಮಾತ್ರ ಸರಕಾರ ಹಿಡಿದಿಟ್ಟುಕೊಂಡಿತು. 2012ರ ಹೊತ್ತಿಗೆ ಎರಡರ ನಡುವೆ ಲೀಟರಿಗೆ ಮೂವತ್ತು ರೂಪಾಯಿ ಅಂತರ. ಟ್ರ್ಯಾಕ್ಟರಿಗೂ ಲಾರಿಗೂ ಬಡಿಸಿದ ಪಂಕ್ತಿಯಲ್ಲಿ ದೊಡ್ಡ ಕಾರುಗಳು ಕರೆಯದೇ ಕೂತು ಹೊಟ್ಟೆತುಂಬ ಉಂಡವು. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರವೂ ಮುಕ್ತವಾಗಿ ಎಲೆ ಎತ್ತಲಾಯಿತು.

2017ರ ಜುಲೈಯಲ್ಲಿ ಜಿಎಸ್‌ಟಿ ಬಂದು ದೊಡ್ಡ ಕಾರಿನ ತೆರಿಗೆ ಶೇ. 43ಕ್ಕೆ ಇಳಿಯಿತು. ಆದರೆ ಆಗ ಆಷಾಢ. ಹೊಸ ಬಂಡಿ ಮನೆಗೆ ತರುವ ಮಾತೇ ಇಲ್ಲ. ಆಷಾಢ ಕಳೆಯಲೆಂದು ಕಾದ ಕನ್ನಡಿಗರಿಗೆ ದಕ್ಕಿದ್ದು ಒಂದೂವರೆ ತಿಂಗಳು: ಸೆಪ್ಟೆಂಬರಿನಲ್ಲಿ ಸೆಸ್ ಏರಿ ಎಸ್‌ಯುವಿಯ ತೆರಿಗೆ ಶೇ. 50 ಆಯಿತು. ಪಂಚಾಂಗವನ್ನು ಕಡೆಗಣಿಸುವ ಅರ್ಥಶಾಸ್ತ್ರಜ್ಞರು ಗಮನಿಸಬೇಕಾದ ಸಂಗತಿ.

ನೆಲದಿಂದ ಎತ್ತರವನ್ನು ಬಂಡಿ ಖಾಲಿಯಿರುವಾಗಲೇ ಅಳೆಯಬೇಕೆಂದು 2023ರಲ್ಲಿ ಜಿಎಸ್‌ಟಿ ಮಂಡಳಿ ತೀರ್ಮಾನಿಸಿತು. ಅತ್ತೆ, ಮಾವ, ನಾದಿನಿ, ಉಪ್ಪಿನಕಾಯಿ ಜಾಡಿ ಸಮೇತ ಏಳು ಮಂದಿ ಹೊರಟಾಗ ಹಂಪಿನ ಮೇಲೆ ಕೇಳಿಸುವ ‘ಕರ್ರ್’ ಸದ್ದು ಹೀಗೆ ಶಾಸನದ ಹೊರಗುಳಿಯಿತು.

2025ರ ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನದಿಂದ ಚಿಕ್ಕ ಕಾರಿಗೆ ಶೇ. 18, ದೊಡ್ಡದಕ್ಕೆ 40. ಈ ಬಾರಿ ಮುಹೂರ್ತ ಸರಿಹೊಂದಿತು. ತೆರಿಗೆ ಎಷ್ಟೇ ಇರಲಿ, ಶೋರೂಮಿನ ಬಾಗಿಲಲ್ಲಿ ಚಕ್ರದಡಿಗೆ ಇಡುವ ನಿಂಬೆಹಣ್ಣು ಮಾತ್ರ ಎರಡೂ ಬಗೆಯ ಕಾರಿಗೆ ನಾಲ್ಕೇ.