ಅಜ್ಜಿ ತಿಂದಿತು

‘ಅಜ್ಜಿ ಗಾಜಿನಮನೆದಲ್ಲಿ ಮಂಡಕ್ಕಿಯನ್ನು ತಿಂದಿತು.’

ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯಲ್ಲಿ ಮೊಮ್ಮಗಳು ಇದನ್ನು ಗಟ್ಟಿಯಾಗಿ ಓದಿದ್ದೇ ತಡ, ಒಗ್ಗರಣೆ ಹಾಕುತ್ತಿದ್ದ ನನ್ನಾಕೆ ಸೌಟು ಹಿಡಿದೇ ಹೊರಬಂದಳು. “ತಿಂದಿತು ಅಂದ್ರೆ? ನಾನೇನು ಬೆಕ್ಕೇನೆ?”

ಬರೆದದ್ದು ಮೊಮ್ಮಗಳಲ್ಲ, ಅವಳ ಲ್ಯಾಪ್‌ಟಾಪು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಯಲು ಹೊರಟವರಿಗೆ ಕೊಡುವ ಅಭ್ಯಾಸವಂತೆ. ಕರ್ತೃ, ಜಾಗ, ತಿನಿಸು, ಕ್ರಿಯೆ ಎಲ್ಲಕ್ಕೂ ಒಂದೊಂದು ಪಟ್ಟಿ. ಚೀಟಿ ಎತ್ತಿದ ಹಾಗೆ ಒಂದೊಂದು ಪದ ಎತ್ತಿ ಸಾಲಾಗಿ ನಿಲ್ಲಿಸಿದರೆ ವಾಕ್ಯ. 1952ರಷ್ಟು ಹಿಂದೆಯೇ ಕ್ರಿಸ್ಟೋಫರ್ ಸ್ಟ್ರೇಚಿ ಎಂಬಾತ ಮ್ಯಾಂಚೆಸ್ಟರಿನ ಕಂಪ್ಯೂಟರಿನಿಂದ ಇದೇ ಉಪಾಯದಲ್ಲಿ ಪ್ರೇಮಪತ್ರ ಬರೆಸಿದ್ದ. ಇಂಗ್ಲಿಷಿನಲ್ಲಿ ಅದು ಸಲೀಸು. ತಿಂದದ್ದು ಗಂಡೋ ಹೆಣ್ಣೋ ಬೆಕ್ಕೋ, ಕ್ರಿಯಾಪದ ಕೇಳುವುದಿಲ್ಲ. ಕನ್ನಡದಲ್ಲಿ ಕರ್ತೃವಿನ ಜಾತಕ ನೋಡದೆ ವಾಕ್ಯ ಮುಗಿಯುವುದಿಲ್ಲ.

ನಿವೃತ್ತ ಕನ್ನಡ ಮೇಷ್ಟ್ರಿಗೆ ಕೊನೆಗೂ ಒಂದು ವಿದ್ಯಾರ್ಥಿ ಸಿಕ್ಕಿತು! ಪ್ರತಿ ಹೆಸರಿನ ಮುಂದೆ ಲಿಂಗ ಬರೆಸಿದೆ. ಅಜ್ಜಿ ‘ತಿಂದಳು’, ಶಾಂತಿ ನೆಲೆಸಿತು. ಮರುಕ್ಷಣವೇ ‘ಅಳಿಯ ತಿಂದನು’ ಎಂದು ಬಂತು. “ಅಳಿಯಂದಿರಿಗೆ ಬಹುವಚನ ಹಾಕ್ರೀ” ಎಂದು ಒಳಗಿನಿಂದ ಆಜ್ಞೆ. ಆ ಅಳಿಯನೇ ಮೊಮ್ಮಗಳ ಅಪ್ಪನಾದ್ದರಿಂದ ‘ಗೌರವ’ ಎಂಬ ಹೊಸ ಕಲಂ ಚರ್ಚೆಯಿಲ್ಲದೆ ಅಂಗೀಕಾರವಾಯಿತು. ನನ್ನ ಸಾಲಿನಲ್ಲಿ ಅದು ಈಗಲೂ ಖಾಲಿ.

ನಿಜವಾದ ಫಜೀತಿ ಸಪ್ತಮಿ ವಿಭಕ್ತಿಯದು. ಎಕಾರಕ್ಕೆ ‘ಯಲ್ಲಿ’, ಅಕಾರಕ್ಕೆ ‘ದಲ್ಲಿ’ ಎಂದೆ. “ಅಜ್ಜಾ, ‘ಮರ’ದ ಕೊನೆಗೆ ‘ಅ’ ಎಲ್ಲಿದೆ?” ಎಂದಳು. ಕಂಪ್ಯೂಟರಿಗೆ ಕಾಣುವುದು ‘ಮ’, ‘ರ’ ಎರಡೇ ಸಂಕೇತ. ‘ಕೆರೆ’ಯ ಎತ್ವಕ್ಕಾದರೆ ಬೇರೆ ಸಂಕೇತವಿದೆ, ಅಕಾರ ವ್ಯಂಜನದೊಳಗೇ ಅಡಗಿ ಕೂತಿದೆ. ಗುಣಿತದ ಗುರುತು ಇಲ್ಲದಿದ್ದರೆ ಅದೇ ಅಕಾರ ಎಂದು ತೀರ್ಮಾನಿಸಿದೆವು. ‘ಊರು’ ಪದದ ಉಕಾರ ಕಿತ್ತು ‘ಊರಿನಲ್ಲಿ’ ಮಾಡಿದ ಯಂತ್ರ, ‘ಗುರು’ ಕೊಟ್ಟರೆ ‘ಗುರಿನಲ್ಲಿ’ ಅಂತು. ಎರಡಕ್ಷರದ ಪದದಲ್ಲಿ ಎರಡೂ ಲಘುವಾದರೆ ಉಕಾರ ಸಾಮಾನ್ಯವಾಗಿ ಉಳಿಯುತ್ತದೆ: ಹಸುವಿನಲ್ಲಿ, ಮಗುವಿನಲ್ಲಿ, ಗುರುವಿನಲ್ಲಿ. ‘ಗುರು’ವಿನಲ್ಲಿರುವುದು ಎರಡೂ ಲಘುವೇ ಎಂದು ಅವಳು ನಕ್ಕದ್ದನ್ನು ನಾನು ವೈಯಕ್ತಿಕವಾಗಿ ತೆಗೆದುಕೊಳ್ಳಲಿಲ್ಲ. ವಸ್ತು, ಧಾತುಗಳಂಥ ಸಂಸ್ಕೃತದ ನೆಂಟರಿಗೆ ಬೇರೆ ಪಂಕ್ತಿ ಹಾಕಿದೆವು. ಕೇಶಿರಾಜ ಪುಣ್ಯವಂತ, 13ನೇ ಶತಮಾನದಲ್ಲಿ ಅವನು ‘ಶಬ್ದಮಣಿದರ್ಪಣ’ ಬರೆದದ್ದು ಮನುಷ್ಯರಿಗೆ. ನಮ್ಮ ಬೀದಿಯ ಮೂರು ವರ್ಷದ ಮಕ್ಕಳಿಗಂತೂ ಅದೂ ಬೇಕಾಗಿಲ್ಲ.

ನಿನ್ನೆ ಅವಳು ಪಟ್ಟಿಗಳನ್ನೆಲ್ಲ ಬೆರೆಸಿ ಓಡಿಸಿದಳು. ‘ಬೆಣ್ಣೆದೋಸೆ ಕುಂದವಾಡ ಕೆರೆಯಲ್ಲಿ ಅಳಿಯನನ್ನು ತಿಂದಿತು.’ ಲಿಂಗ, ವಚನ, ವಿಭಕ್ತಿ ಎಲ್ಲ ಸರಿಯಿದೆ. ಹತ್ತಕ್ಕೆ ಹತ್ತು ಕೊಟ್ಟಿದ್ದೇನೆ.